ಕೂಲಿಮಠದ ಅನುಕ್ತ ಪಾಠಗಳು

೧

ಕನ್ನಡನಾಡಿನ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆದ ವಿದ್ವಾಂಸರು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳಿಕೊಂಡು ಹೊರಟಿದ್ದಾರೆ. ಶಾಲೆಗಳು ಎಷ್ಟಿದ್ದುವು? ಅವುಗಳಲ್ಲಿ ಓದಿಸುತ್ತಿದ್ದ ಗ್ರಂಥಗಳು ಯಾವುವು? ಅವುಗಳ ವೆಚ್ಚವನ್ನು ಹೊತ್ತವರು ಯಾರು? ಶಾಸನಗಳು ಈ ಪ್ರಶ್ನೆಗಳಿಗೆ ಉದಾರವಾಗಿಯೇ ಉತ್ತರ ಕೊಡುತ್ತವೆ. ಕ್ರಿ. ಶ. ೯೪೫ರ ಸಾಲೊಟಗಿಯ ಶಾಸನದಿಂದ ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಕಟ್ಟಿಸಿದ ಶಾಲೆಯೂ ಅದಕ್ಕೆ ಬಿಟ್ಟ ದತ್ತಿಯೂ ತಿಳಿದುಬರುತ್ತವೆ. ೧೦೫೮ರ ನಾಗಾವಿಯ ಶಾಸನದಿಂದ ಅಲ್ಲಿಯ ಘಟಿಕಾಸ್ಥಾನದಲ್ಲಿ ವೇದಶಾಸ್ತ್ರಗಳನ್ನು ಹೇಳಿಕೊಡುತ್ತಿದ್ದ ಉಪಾಧ್ಯಾಯರೂ ಪುಸ್ತಕಗಳನ್ನು ಕಾಪಾಡುತ್ತಿದ್ದ ಆರು ಮಂದಿ ಸರಸ್ವತೀ ಭಂಡಾರಿಗರೂ ನಮಗೆ ಪರಿಚಿತರಾಗುತ್ತಾರೆ. ಆದರೆ ದಾನಶಾಸನವು ಹೇಳುವುದು ದಾನದ ಮಾತನ್ನು. ಶಾಲೆಯೊಳಗೆ ಯಾರು ಎಲ್ಲಿ ಕುಳಿತರು, ಮೊದಲು ಬಂದವನಿಗೆ ಏನು ಸಂದಿತು, ತಡವಾಗಿ ಬಂದವನಿಗೆ ಏನು ಕಾದಿತ್ತು, ಪಾಠ ಬಾರದವನು ಯಾರ ಕೈಯಲ್ಲಿ ಏಟು ತಿಂದನು ಎಂಬುವು ದಾನಿಯ ಲೆಕ್ಕಕ್ಕೆ ಸೇರಿದುವಲ್ಲ.

ಇಂಥ ಸಂಗತಿಗಳು ಕ್ಷುಲ್ಲಕವೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಅನುಭವವನ್ನು ಕೇಳಿ ನೋಡಿದರೆ ಬೇರೆಯೇ ಉತ್ತರ ಬರುತ್ತದೆ. ಮಗ್ಗಿಯನ್ನು ಮರೆತವರುಂಟು, ಅಮರದ ಶ್ಲೋಕಗಳನ್ನು ಮರೆತವರುಂಟು, ಆದರೆ ಶಾಲೆಯಲ್ಲಿ ಮೈಗೂಡಿದ ಭಯವನ್ನಾಗಲಿ ವಿನಯವನ್ನಾಗಲಿ, ತಾನು ಮುಂದಿನ ಸಾಲಿನವನೋ ಹಿಂದಿನ ಸಾಲಿನವನೋ ಎಂಬ ಅರಿವನ್ನಾಗಲಿ ಮರೆತವರು ವಿರಳ. ಈ ಪಾಠಗಳನ್ನು ಯಾರೂ ಬಾಯಿ ಬಿಟ್ಟು ಹೇಳಿಕೊಟ್ಟದ್ದಿಲ್ಲ. ಅವು ಯಾವ ಪಠ್ಯಪಟ್ಟಿಯಲ್ಲಿಯೂ ಇಲ್ಲ. ಆದರೂ ಕಲಿಯದೆ ಹೊರಬಂದ ಹುಡುಗನಿಲ್ಲ. ಇವನ್ನು ಈ ಲೇಖನದಲ್ಲಿ ‘ಅನುಕ್ತ ಪಾಠ’ಗಳೆಂದು ಕರೆದಿದ್ದೇನೆ.

ವಿಷಯವು ಪಾಶ್ಚಾತ್ಯ ಪಂಡಿತರಿಗೆ ಹೊಸದಲ್ಲ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮನು ನೀತಿಶಿಕ್ಷಣವನ್ನು ಕುರಿತು ಮಾಡಿದ ಉಪನ್ಯಾಸಗಳು ಅವನ ಮರಣಾನಂತರ ೧೯೨೫ರಲ್ಲಿ ಗ್ರಂಥರೂಪವಾಗಿ ಪ್ರಕಟವಾದುವು. ಶಾಲೆಯ ಶಿಸ್ತು ಗದ್ದಲವನ್ನು ಅಡಗಿಸುವ ಉಪಾಯಮಾತ್ರವಲ್ಲ, ಸಮಾಜವು ತನ್ನ ಧರ್ಮವನ್ನು ಮಕ್ಕಳಲ್ಲಿ ನೆಲೆಗೊಳಿಸುವ ಸಾಧನ ಎಂಬುದು ಅಲ್ಲಿ ಪ್ರತಿಪಾದಿತವಾಗಿದೆ. ಅಮೆರಿಕದ ಫಿಲಿಪ್ ಜ್ಯಾಕ್ಸನನು ೧೯೬೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ‘ಮರೆಯ ಪಠ್ಯಕ್ರಮ’ವೆಂಬ ಅರ್ಥದ ಹೆಸರನ್ನಿಟ್ಟು, ಗುಂಪಿನಲ್ಲಿ ಕಾದಿರುವುದು, ಹೊಗಳಿಕೆ ತೆಗಳಿಕೆಗಳಿಗೆ ಒಳಗಾಗಿ ಬಾಳುವುದು, ಅಧಿಕಾರದ ಮುಂದೆ ನಡೆದುಕೊಳ್ಳುವುದು ಎಂಬ ಮೂರನ್ನು ಅದರ ಮುಖ್ಯಾಂಗಗಳೆಂದು ಎಣಿಸಿದನು. ಪ್ರಕೃತ ಲೇಖನದ ಉದ್ದೇಶ ಆ ತತ್ತ್ವವನ್ನು ಚರ್ಚಿಸುವುದಲ್ಲ. ಕೂಲಿಮಠವನ್ನು ಬಿಟ್ಟು ಸರ್ಕಾರಿ ಶಾಲೆಗೆ ನಮ್ಮ ನಾಡು ಕಾಲಿಟ್ಟ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಅನುಕ್ತ ಪಾಠಗಳು ಯಾವುವು, ಅವುಗಳಲ್ಲಿ ಬದಲಾದುವು ಯಾವುವು, ಬದಲಾಗದೆ ಉಳಿದುವು ಯಾವುವು ಎಂಬುದನ್ನು ದಾಖಲೆಗಳ ಆಧಾರದಿಂದ ಪರಿಶೀಲಿಸುವುದೇ ಇಲ್ಲಿಯ ಪ್ರಯತ್ನ.

೨

ನಮಗೆ ದೊರೆತಿರುವ ದಾಖಲೆಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಬಳ್ಳಾರಿಯದು. ಮದರಾಸಿನ ಗವರ್ನರಾಗಿದ್ದ ಸರ್ ತಾಮಸ್ ಮನ್ರೋ ೧೮೨೨ರ ಜೂನ್ ೨೫ರಂದು ತನ್ನ ಪ್ರಾಂತದ ದೇಶೀಯ ವಿದ್ಯಾಭ್ಯಾಸದ ಸ್ಥಿತಿಯನ್ನು ವಿಚಾರಿಸಿ ವರದಿ ಮಾಡುವಂತೆ ಕಲೆಕ್ಟರುಗಳಿಗೆ ಆಜ್ಞೆಯಾಗಬೇಕೆಂದು ಬರೆದನು. ಕೆಲವರು ಅಂಕಿಗಳ ಕೋಷ್ಟಕವನ್ನಷ್ಟೆ ಕಳುಹಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲನು ಹಾಗೆ ಮಾಡಲಿಲ್ಲ. ತೆಲುಗು ಭಾಷೆಗೆ ವ್ಯಾಕರಣವನ್ನೂ ನಿಘಂಟನ್ನೂ ರಚಿಸಿದ್ದ ಈತನು ೧೮೨೩ರ ಆಗಸ್ಟ್ ೧೭ರಂದು ಕಳುಹಿಸಿದ ಉತ್ತರದಲ್ಲಿ ಅಂಕಿಗಳ ಜೊತೆಗೆ ಮಠದ ಒಂದು ದಿನದ ಬಾಳನ್ನೇ ಚಿತ್ರಿಸಿದ್ದಾನೆ.

ಆಗಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹಳ ವಿಶಾಲವಾದುದು. ೧೮೮೨ರಲ್ಲಿ ಬೇರೆಯಾದ ಅನಂತಪುರವೂ ಅದರಲ್ಲಿ ಅಡಗಿತ್ತು. ಜನಸಂಖ್ಯೆ ೯,೨೭,೮೫೭. ಶಾಲೆಗಳು ೫೩೩, ಅವುಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬, ಮರಾಠಿಯವು ೨೩, ಪಾರಸಿಯವು ೨೧, ತಮಿಳಿನವು ೪, ಇಂಗ್ಲಿಷಿನದು ಒಂದೇ ಒಂದು. ಇವಲ್ಲದೆ ಬ್ರಾಹ್ಮಣರು ಮಾತ್ರ ಸಂಸ್ಕೃತ ಶಾಸ್ತ್ರಗಳನ್ನು ಅಭ್ಯಾಸಮಾಡುತ್ತಿದ್ದ ಸ್ಥಳಗಳು ೨೩. ಓದುವ ಮಕ್ಕಳು ೬,೬೪೧. ಎಂದರೆ ಜನಸಂಖ್ಯೆಯಲ್ಲಿ ಸಾವಿರಕ್ಕೆ ಸುಮಾರು ಏಳು. ಶಾಲೆಯೊಂದಕ್ಕೆ ಸರಾಸರಿ ಹನ್ನೆರಡು.

ಈ ಅಂಕಿಗಳ ಮೇಲೆ ನಡೆದಿರುವ ವಾದ ಸಣ್ಣದಲ್ಲ. ೧೯೩೧ರಲ್ಲಿ ಗಾಂಧೀಜಿಯವರು ಲಂಡನ್ನಿನಲ್ಲಿ ಮಾತನಾಡುತ್ತ, ಐವತ್ತು ನೂರು ವರ್ಷಗಳ ಹಿಂದೆ ಇದ್ದುದಕ್ಕಿಂತ ಭಾರತವು ಈಗ ಹೆಚ್ಚು ನಿರಕ್ಷರವಾಗಿದೆಯೆಂದು ಹೇಳಿದಾಗ ಸರ್ ಫಿಲಿಪ್ ಹಾರ್ಟಾಗನು ಅದನ್ನು ಅಲ್ಲಗಳೆದನು. ಧರ್ಮಪಾಲರು ೧೯೮೩ರಲ್ಲಿ ಮದರಾಸು ಪ್ರಾಂತದ ವರದಿಗಳನ್ನು ಒಟ್ಟುಗೂಡಿಸಿ ಅಚ್ಚು ಹಾಕಿಸಿದಮೇಲೆ ವಾದವು ಮತ್ತಷ್ಟು ಬೆಳೆಯಿತು. ಒಂದು ಪಕ್ಷದವರಿಗೆ ಈ ಶಾಲೆಗಳು ಅಳಿದುಹೋದ ವೈಭವದ ಗುರುತು. ಇನ್ನೊಂದು ಪಕ್ಷದವರಿಗೆ ಬಡತನದ, ಅಜ್ಞಾನದ ಗುರುತು. ಇಬ್ಬರೂ ಶಾಲೆಗಳನ್ನು ಎಣಿಸಿದರು. ಶಾಲೆಯ ಹೊಸ್ತಿಲನ್ನು ದಾಟಿ ಒಳಗೆ ನೋಡುವ ವ್ಯವಧಾನ ಇಬ್ಬರಿಗೂ ಇರಲಿಲ್ಲವೆಂದು ಹೇಳಿದರೆ ಅನ್ಯಾಯವಾಗಲಾರದು. ನಾವು ಒಳಗೆ ಹೋಗೋಣ.

೩

ಕೂಲಿಮಠವೆಂಬ ಹೆಸರಿನಲ್ಲಿಯೇ ಅದರ ಸ್ವರೂಪ ವ್ಯಕ್ತವಾಗಿದೆ. ಮಕ್ಕಳ ತಂದೆತಾಯಿಗಳು ಕೊಡುವ ಕೂಲಿಯಿಂದ ಅಯ್ಯನವರ ಜೀವನ ಸಾಗಬೇಕು. ಐದನೆಯ ವರ್ಷದಲ್ಲಿ ಹುಡುಗನಿಗೆ ಅಕ್ಷರಾಭ್ಯಾಸ. ಅಂದು ಉಪಾಧ್ಯಾಯನನ್ನೂ ಮಠದ ಹುಡುಗರೆಲ್ಲರನ್ನೂ ಮನೆಗೆ ಕರೆಯುತ್ತಿದ್ದರೆಂದು ಕ್ಯಾಂಬೆಲನು ಬರೆಯುತ್ತಾನೆ. ಗಣಪತಿಯ ವಿಗ್ರಹದ ಸುತ್ತ ಎಲ್ಲರೂ ಕುಳಿತುಕೊಳ್ಳುವರು. ಮಗುವನ್ನು ದೇವರ ಎದುರಿಗೆ ಕೂರಿಸುವರು. ಉಪಾಧ್ಯಾಯನು ಪಕ್ಕದಲ್ಲಿ ಕುಳಿತು ಪ್ರಾರ್ಥನೆ ಹೇಳಿಸಿ, ಅದರ ಬೆರಳನ್ನು ಹಿಡಿದು ಅಕ್ಕಿಯ ಮೇಲೆ ದೇವರ ಹೆಸರನ್ನು ಬರೆಸುವನು. ಮಾರನೆಯ ದಿನದಿಂದ ಮಠ.

ಇಲ್ಲಿ ಗಮನಿಸತಕ್ಕದ್ದೇನೆಂದರೆ, ಮಗುವು ಮಠಕ್ಕೆ ಹೋಗುವುದಕ್ಕೆ ಮುಂಚೆ ಮಠವೇ ಮಗುವಿನ ಮನೆಗೆ ಬರುತ್ತದೆ. ವಿದ್ಯೆಯು ಊಟದ ಅಕ್ಕಿಯ ಮೇಲೆ, ಹೆತ್ತವರ ಕಣ್ಣೆದುರಿನಲ್ಲಿ, ಮುಂದೆ ಜೊತೆಗಾರರಾಗಲಿರುವ ಹುಡುಗರ ನಡುವೆ ಮೊದಲಾಗುತ್ತದೆ. ವಿದ್ಯೆ ಪವಿತ್ರವಾದುದು, ಗುರುವು ಮನೆಗೆ ಬೇಕಾದವನು, ಕಲಿಯುವುದು ಒಬ್ಬನ ಕೆಲಸವಲ್ಲ ಎಂಬ ಮೂರು ಪಾಠಗಳು ಒಂದು ಅಕ್ಷರವನ್ನು ಗುರುತಿಸುವುದಕ್ಕೆ ಮೊದಲೇ ಮಗುವಿಗೆ ಆಗಿಹೋಗುತ್ತವೆ.

ಮಾರನೆಯ ಬೆಳಗಿನ ಪಾಠ ಬೇರೆ ಬಗೆಯದು. ಮಠವು ತೆರೆಯುವುದು ಪ್ರಾತಃಕಾಲ ಆರು ಗಂಟೆಗೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುವರು, ಅದು ಮರ್ಯಾದೆ. ಎರಡನೆಯವನ ಅಂಗೈಯ ಮೇಲೆ ಸೊನ್ನೆ. ಅವನಿಗೆ ಸ್ತುತಿಯೂ ಇಲ್ಲ, ನಿಂದೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು. ನಾಲ್ಕನೆಯವನಿಗೆ ಎರಡು. ಅಲ್ಲಿಂದ ಮುಂದೆ ಬಂದವರಿಗೆಲ್ಲ ಒಂದೊಂದು ಹೆಚ್ಚು.

ಈ ಪದ್ಧತಿಯನ್ನು ಹೊತ್ತಿಗೆ ಸರಿಯಾಗಿ ಬರುವ ಅಭ್ಯಾಸಕ್ಕಾಗಿ ಮಾಡಿದ ಕಟ್ಟಳೆಯೆಂದು ಹೇಳುವುದು ಸುಲಭ. ಸ್ವಲ್ಪ ಯೋಚಿಸಿದರೆ ಅಷ್ಟೇ ಅಲ್ಲವೆಂಬುದು ವಿದಿತವಾಗುತ್ತದೆ. ಹನ್ನೆರಡು ಹುಡುಗರೂ ಆರು ಗಂಟೆಗೆ ಮುಂಚೆಯೇ ಬಂದರೆನ್ನೋಣ. ಆಗಲೂ ಹನ್ನೆರಡನೆಯವನಿಗೆ ಹತ್ತು ಏಟು ತಪ್ಪುವುದಿಲ್ಲ. ಇಲ್ಲಿ ಶಿಕ್ಷೆಯಾಗುವುದು ಗಡಿಯಾರಕ್ಕೆ ಮಾಡಿದ ತಪ್ಪಿಗಲ್ಲ, ಜೊತೆಗಾರನಿಗಿಂತ ಹಿಂದೆ ಬಿದ್ದುದಕ್ಕೆ. ಒಬ್ಬನ ಗೌರವವು ಉಳಿದವರ ಏಟನ್ನು ಅವಲಂಬಿಸಿದೆ. ಸರಸ್ವತಿಯ ಹೆಸರು ಒಂದೇ ಅಂಗೈಗೆ; ಅದು ಹಂಚಿಕೊಳ್ಳತಕ್ಕ ವಸ್ತುವಲ್ಲ. ನಿನ್ನೆಯ ದಿನ ಎಲ್ಲರ ನಡುವೆ ಕುಳಿತು ಅಕ್ಕಿಯ ಮೇಲೆ ಬರೆದ ಮಗುವಿಗೆ ಇಂದು ಬೆಳಗ್ಗೆ ಅದೇ ಎಲ್ಲರಿಗಿಂತ ಮುಂದೆ ಓಡಬೇಕೆಂಬ ಪಾಠವಾಗುತ್ತದೆ. ಈ ಎರಡು ಪಾಠಗಳ ವಿರೋಧವನ್ನು ಯಾವ ಅಯ್ಯನೂ ಬಿಡಿಸಿ ಹೇಳಿದಂತೆ ತೋರುವುದಿಲ್ಲ. ಹೇಳುವ ಅಗತ್ಯವೂ ಕಂಡಿರಲಾರದು. ಮಠದ ಹೊರಗಿನ ಬಾಳಿನಲ್ಲಿಯೂ ಅವೆರಡೂ ಹಾಗೆಯೇ ಒಟ್ಟಿಗೆ ಇದ್ದುವು.

ಶಿಕ್ಷೆಗಳ ವಿಷಯವನ್ನು ಕ್ಯಾಂಬೆಲನು ಮುಚ್ಚಿಟ್ಟಿಲ್ಲ. ಸೋಮಾರಿಗೆ ಬೆತ್ತದ ಏಟು. ಎರಡು ಕೈಗಳನ್ನೂ ಕಟ್ಟಿ ರಾಟೆಯಿಂದ ಮಾಡಿಗೆ ತೂಗುಹಾಕುವುದು. ಎಡೆಬಿಡದೆ ಬಸ್ಕಿ ಹೊಡೆಸುವುದು. ತೂಗುಹಾಕುವ ಶಿಕ್ಷೆಗೆ ನಮ್ಮಲ್ಲಿ ‘ಕೋದಂಡ’ವೆಂದು ಹೆಸರು. ರಾಮನ ಬಿಲ್ಲಿನ ಹೆಸರು ಹುಡುಗನನ್ನು ನೇತುಹಾಕುವ ಹಗ್ಗಕ್ಕೆ ಬಂದುದನ್ನು ಭಾಷಾಶಾಸ್ತ್ರಜ್ಞರು ಹೇಗೇ ವಿವರಿಸಲಿ, ಮಠದ ದಂಡನೆ ಜನರ ಕಣ್ಣಿಗೆ ಅಕೃತ್ಯವಾಗಿ ತೋರುತ್ತಿರಲಿಲ್ಲವೆಂಬುದಕ್ಕೆ ಆ ಹೆಸರಿನ ಸಲಿಗೆಯೇ ಸಾಕ್ಷಿ.

೪

ಎಲ್ಲರೂ ನೆರೆದಮೇಲೆ ಹುಡುಗರನ್ನು ಸಾಮಾನ್ಯವಾಗಿ ನಾಲ್ಕು ತರಗತಿಗಳಾಗಿ ವಿಂಗಡಿಸುತ್ತಿದ್ದರು. ಮೇಲಿನ ತರಗತಿಗಳನ್ನು ಉಪಾಧ್ಯಾಯನು ತಾನೇ ನೋಡಿಕೊಳ್ಳುವನು. ಕೆಳಗಿನವರನ್ನು ಬಲ್ಲ ಹುಡುಗರ ವಶಕ್ಕೆ ಒಪ್ಪಿಸುವನು. ಒಂದು ತರಗತಿಯಿಂದ ಇನ್ನೊಂದಕ್ಕೆ ಏರುವುದು ವಯಸ್ಸಿನ ಲೆಕ್ಕದಿಂದಲ್ಲ, ಶಕ್ತಿಯ ಲೆಕ್ಕದಿಂದ. ಮೊದಲು ಮರಳಿನ ಮೇಲೆ ಬೆರಳಿನಿಂದ ಬರೆಯುವುದು; ಕೈ ಕುದುರಿದಮೇಲೆ ಹಲಗೆ ಅಥವಾ ಕಡತ. ಹಲಗೆಗೆ ಅನ್ನವನ್ನೂ ಇದ್ದಲಿನ ಪುಡಿಯನ್ನೂ ಬಳಿಯುವರು. ಕಡತವು ಗಂಜಿ ಹಾಕಿ ಮಡಿಸಿ, ಇದ್ದಲೂ ಗೋಂದೂ ಸವರಿದ ಬಟ್ಟೆ. ಬರೆಯುವುದಕ್ಕೆ ಬಳಪ, ಅಳಿಸುವುದಕ್ಕೆ ಒದ್ದೆ ಬಟ್ಟೆ. ಸಾಮಗ್ರಿಗೆ ಖರ್ಚು ಬಹಳ ಕಡಮೆ.

ಬಲ್ಲವನು ಅರಿಯದವನಿಗೆ ಕಲಿಸುವ ಈ ಕ್ರಮವನ್ನು ಕ್ಯಾಂಬೆಲನು ಮನಸಾರ ಮೆಚ್ಚಿ, ಇಂಗ್ಲೆಂಡಿನಲ್ಲಿ ಅದನ್ನು ಅನುಕರಿಸಿದುದು ಯುಕ್ತವೇ ಸರಿ ಎಂದಿದ್ದಾನೆ. ಈ ಮಾತಿಗೆ ಹಿನ್ನೆಲೆಯುಂಟು. ೧೭೮೯ರಲ್ಲಿ ಮದರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆಯನ್ನು ವಹಿಸಿದ ಪಾದ್ರಿ ಆಂಡ್ರೂ ಬೆಲ್ಲನು ದೇಶೀಯ ಶಾಲೆಯ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ಅದನ್ನು ತನ್ನಲ್ಲಿ ಆಚರಣೆಗೆ ತಂದನು. ಉಪಾಧ್ಯಾಯರು ಒಪ್ಪದಿದ್ದಾಗ ಸುಮಾರು ಎಂಟು ವರ್ಷದ ಹುಡುಗನೊಬ್ಬನಿಂದ ಕಿರಿಯರಿಗೆ ಪಾಠ ಹೇಳಿಸಿದನು. ೧೭೯೭ರಲ್ಲಿ ಅವನು ಲಂಡನ್ನಿನಲ್ಲಿ ತನ್ನ ಪ್ರಯೋಗದ ವೃತ್ತಾಂತವನ್ನು ಪ್ರಕಟಿಸಿದನು. ೧೭೯೮ರಲ್ಲಿ ಅದೇ ನಗರದಲ್ಲಿ ಬಡಮಕ್ಕಳ ಶಾಲೆಯನ್ನು ತೆರೆದ ಜೋಸೆಫ್ ಲ್ಯಾಂಕಾಸ್ಟರನು ಇಂಥದೇ ಕ್ರಮದಿಂದ ಒಬ್ಬನೇ ಉಪಾಧ್ಯಾಯನ ಕೈಕೆಳಗೆ ನೂರಾರು ಹುಡುಗರು ಕಲಿಯಬಹುದೆಂದು ತೋರಿಸಿದನು. ‘ಮದರಾಸು ಪದ್ಧತಿ’ಯೆಂಬ ಹೆಸರು ಯೂರೋಪಿನಲ್ಲೆಲ್ಲ ಹಬ್ಬಿತು.

ನಮ್ಮ ಪದ್ಧತಿಯನ್ನು ಇಂಗ್ಲೆಂಡು ಸ್ವೀಕರಿಸಿತೆಂದು ಹೆಮ್ಮೆಪಡುವವರು ಒಂದು ಅಂಶವನ್ನು ಮರೆಯುತ್ತಾರೆ. ಹನ್ನೆರಡು ಹುಡುಗರ ಜಗಲಿಯಲ್ಲಿ ಹಿರಿಯನು ಕಿರಿಯನಿಗೆ ಕಲಿಸುವಾಗ ಅವರಿಬ್ಬರೂ ಒಂದೇ ಊರಿನವರು, ಒಬ್ಬರ ಮನೆ ಒಬ್ಬರಿಗೆ ಗೊತ್ತು. ಅಲ್ಲಿಯ ಅನುಕ್ತ ಪಾಠ, ತಿಳಿದವನಿಗೆ ತಿಳಿಯದವನ ಋಣವುಂಟೆಂಬುದು. ಅದೇ ಉಪಾಯವನ್ನು ನೂರಾರು ಮಂದಿಯ ಕೋಣೆಗೆ ಸಾಗಿಸಿದಾಗ ಹಿರಿಯ ಹುಡುಗನು ದಂಡಿನ ಜಮಾದಾರನಾದನು, ಪಾಠವು ಆಜ್ಞೆಯಾಯಿತು. ಲ್ಯಾಂಕಾಸ್ಟರನು ಬೆತ್ತವನ್ನು ಒಲ್ಲೆನೆಂದನು. ಆದರೆ ಬೆತ್ತದ ಬದಲಿಗೆ ನಾಚಿಕೆಯನ್ನು ಹಿಡಿದನು. ತಪ್ಪು ಮಾಡಿದವನ ಕೊರಳಿಗೆ ಮರದ ತುಂಡನ್ನು ಕಟ್ಟಿಸಿದನು. ಕೆಲವರನ್ನು ಬುಟ್ಟಿಯಲ್ಲಿಟ್ಟು ಮಾಡಿಗೆ ತೂಗುಹಾಕಿಸಿ ಉಳಿದವರಿಂದ ನಗಿಸಿದನು. ಒಳ್ಳೆಯವರಿಗೆ ಬಿಲ್ಲೆಗಳು, ಬಹುಮಾನಗಳು. ಬಳ್ಳಾರಿಯ ರಾಟೆಗೂ ಲಂಡನ್ನಿನ ಬುಟ್ಟಿಗೂ ಯಾವ ಸಂಬಂಧವೂ ಇಲ್ಲದಿರಬಹುದು. ಆದರೂ ಎರಡು ದೇಶಗಳ ಎರಡು ಶಾಲೆಗಳು ಹುಡುಗನನ್ನು ನೆಲದಿಂದ ಎತ್ತಿ ಎಲ್ಲರ ಕಣ್ಣಿಗೆ ಗುರಿಮಾಡುವ ಒಂದೇ ಉಪಾಯವನ್ನು ಹಿಡಿದುವೆಂಬುದನ್ನು ನೋಡಿದರೆ, ಪದ್ಧತಿಯ ಗುಣ ಅದರ ಯಂತ್ರದಲ್ಲಿಲ್ಲ, ಅದನ್ನು ನಡೆಸುವ ಜನರ ಪರಸ್ಪರ ಸಂಬಂಧದಲ್ಲಿದೆಯೆಂಬುದು ಸ್ಪಷ್ಟವಾಗುತ್ತದೆ.

೫

ಸಾಹಿತ್ಯದ ಉಪಾಧ್ಯಾಯರು ವಿಶೇಷವಾಗಿ ಮನನ ಮಾಡತಕ್ಕ ಇನ್ನೊಂದು ವಿಷಯವಿದೆ. ಮಠದ ಹುಡುಗರು ದಿನಕ್ಕೆ ಎರಡು ಬಾರಿ ಸಾಲಾಗಿ ನಿಂತು, ಬಲ್ಲ ಹುಡುಗನು ಹೇಳಿದಂತೆ ಮಗ್ಗಿಗಳನ್ನೂ ಅಳತೆ ತೂಕಗಳ ಲೆಕ್ಕವನ್ನೂ ಕಾಲು ವೀಸಗಳ ಭಿನ್ನರಾಶಿಗಳನ್ನೂ ಒಕ್ಕೊರಲಿನಿಂದ ಒಪ್ಪಿಸುತ್ತಿದ್ದರು. ನಾನಾ ಕೈಬರಹದ ಕಾಗದಗಳನ್ನು ಓದುವುದು, ಕರಾರುಪತ್ರಗಳನ್ನು ಬರೆಯುವುದು ಇವೂ ಅಭ್ಯಾಸದಲ್ಲಿದ್ದುವು. ಇವುಗಳ ಪ್ರಯೋಜನ ಪ್ರತ್ಯಕ್ಷ. ಜೊತೆಗೆ ಕಾವ್ಯಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ರಾಮಾಯಣ, ಭಾರತ, ಭಾಗವತ ಈ ಮೂರು ಎಲ್ಲ ಜಾತಿಯವರಿಗೂ ಸಾಮಾನ್ಯವಾಗಿದ್ದುವೆಂದೂ, ಲಿಂಗಧಾರಿಗಳ ಮಕ್ಕಳು ಇವಲ್ಲದೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣ ಮೊದಲಾದುವನ್ನೂ, ಕುಶಲಕರ್ಮಿಗಳ ಮಕ್ಕಳು ವಿಶ್ವಕರ್ಮಪುರಾಣವೇ ಮೊದಲಾದುವನ್ನೂ ಓದುತ್ತಿದ್ದರೆಂದೂ ವರದಿಯಿಂದ ತಿಳಿಯುತ್ತದೆ. ವ್ಯಾಕರಣಗ್ರಂಥಗಳ ಸಾಲಿನಲ್ಲಿ ಶಬ್ದಮಣಿದರ್ಪಣದ ಹೆಸರೂ ಇದೆ.

ಈ ಪಟ್ಟಿಯನ್ನು ಕಂಡು ಹರ್ಷಪಡದ ಕನ್ನಡಿಗನಿಲ್ಲ. ಆದರೆ ಕ್ಯಾಂಬೆಲನ ಆಕ್ಷೇಪವನ್ನೂ ಕೇಳಬೇಕು. ಹುಡುಗರು ಲೆಕ್ಕವಿಲ್ಲದಷ್ಟು ಪದ್ಯಗಳನ್ನು ತಪ್ಪಿಲ್ಲದೆ ಒಪ್ಪಿಸಬಲ್ಲರು, ಆದರೆ ಅರ್ಥದ ವಿಷಯದಲ್ಲಿ ಅವರಿಗೂ ಮಾತು ಕಲಿತ ಗಿಳಿಗೂ ಭೇದವಿಲ್ಲ. ಗ್ರಂಥಗಳ ಭಾಷೆ ಜನರ ಆಡುಮಾತಿಗೂ ವ್ಯವಹಾರದ ಮಾತಿಗೂ ದೂರವಾದುದು ಎಂಬುದು ಅವನ ಅಭಿಪ್ರಾಯ. ಇದನ್ನು ಪರಕೀಯನ ತಾತ್ಸಾರವೆಂದು ತಳ್ಳಿಬಿಡುವವರೂ ಇದ್ದಾರೆ. ಅವರ ಪಕ್ಷದಲ್ಲಿಯೂ ಸತ್ಯವಿಲ್ಲದಿಲ್ಲ. ಅರ್ಥವಾಗದ ಪದ್ಯವೂ ಕಿವಿಯನ್ನು ತಿದ್ದುತ್ತದೆ. ಷಟ್ಪದಿಯ ನಡೆ ರಕ್ತಗತವಾದವನಿಗೆ ಅರ್ಥವು ಹತ್ತು ವರ್ಷ ತಡವಾಗಿ ಬಂದರೂ ಬರಬಹುದು. ಗಮಕಿಗಳ ಬಾಯಿಂದ ಕಾವ್ಯವನ್ನು ಕೇಳಿ ತಲೆದೂಗುವ ಶ್ರೋತೃವರ್ಗ ಹಳ್ಳಿಗಳಲ್ಲಿ ಉಳಿದುಬಂದುದಕ್ಕೆ ಈ ಬಾಯಿಪಾಠದ ಋಣ ಸ್ವಲ್ಪವಾದರೂ ಸಲ್ಲಬೇಕು.

ಆದರೆ ಅದೇ ಬಾಯಿಪಾಠದಲ್ಲಿ ಇನ್ನೊಂದು ಅನುಕ್ತ ಪಾಠವೂ ಅಡಗಿತ್ತು. ದೊಡ್ಡ ಮಾತು ತಿಳಿಯಬೇಕಾದುದಲ್ಲ, ಒಪ್ಪಿಸಬೇಕಾದುದು. ಮನೆಯಲ್ಲಿ ಆಡುವ ಮಾತು ಗೌರವಕ್ಕೆ ತಕ್ಕದ್ದಲ್ಲ. ಅರ್ಥವಾಗಲಿಲ್ಲವೆಂದು ಕೇಳುವುದು ಉದ್ಧಟತನ. ಒಳ್ಳೆಯ ಕಾವ್ಯವನ್ನೇ ಓದಿಸುತ್ತ ಕಾವ್ಯದ ಮುಂದೆ ಮೂಕನಾಗಿ ನಿಲ್ಲುವುದನ್ನು ಕಲಿಸಬಹುದೆಂಬುದು ಇದರಿಂದ ಸಿದ್ಧವಾಗುತ್ತದೆ. ಹಳಗನ್ನಡ ಪದ್ಯದ ಸಾರಾಂಶವನ್ನು ಗೈಡಿನಿಂದ ಉರುಹೊಡೆದು ಪರೀಕ್ಷೆಯಲ್ಲಿ ಒಪ್ಪಿಸುವ ಇಂದಿನ ವಿದ್ಯಾರ್ಥಿಯನ್ನು ಕಂಡಾಗ, ಗಿಳಿಯು ಪಂಜರವನ್ನು ಬದಲಾಯಿಸಿತಲ್ಲದೆ ಹಾರಿಹೋಗಲಿಲ್ಲವೆಂದು ಅನ್ನಿಸುವುದಿಲ್ಲವೆ?

೬

ಪುಸ್ತಕಗಳು ಸಾಮಾನ್ಯವಾಗಿದ್ದುವು; ಜಗಲಿಯು ಎಲ್ಲರಿಗೂ ಸಾಮಾನ್ಯವಾಗಿತ್ತೆ? ಬಳ್ಳಾರಿಯ ಕೋಷ್ಟಕದಲ್ಲಿ ಗಂಡುಮಕ್ಕಳ ಲೆಕ್ಕ ಹೀಗಿದೆ: ಬ್ರಾಹ್ಮಣರು ೧,೧೮೫, ವೈಶ್ಯರು ೯೮೧, ಶೂದ್ರರು ೨,೯೯೮, ಇತರ ಜಾತಿಗಳವರು ೧,೧೭೪, ಮುಸಲ್ಮಾನರು ೨೪೩. ವಿದ್ಯೆಯೆಲ್ಲ ಬ್ರಾಹ್ಮಣರ ಸೊತ್ತಾಗಿತ್ತೆಂಬ ಮಾತನ್ನು ಈ ಅಂಕಿಗಳು ಅಕ್ಷರವಿದ್ಯೆಯ ಮಟ್ಟಿಗೆ ಸುಳ್ಳುಮಾಡುತ್ತವೆ. ಆದರೆ ೬,೬೪೧ ಮಕ್ಕಳಲ್ಲಿ ಹೆಣ್ಣುಮಕ್ಕಳು ಕೇವಲ ೬೦. ಮಠದ ಬಾಗಿಲು ಹುಡುಗಿಗೆ ಮುಚ್ಚಿದೆಯೆಂದು ಯಾರೂ ಬರೆದು ತೂಗುಹಾಕಿರಲಿಲ್ಲ. ಪ್ರತಿದಿನ ಅಣ್ಣನು ಹಲಗೆ ಹಿಡಿದು ಹೋಗುವುದನ್ನೂ ತಾನು ಮನೆಯಲ್ಲಿ ಉಳಿಯುವುದನ್ನೂ ನೋಡುತ್ತ ಬೆಳೆದ ತಂಗಿಗೆ ಬೇರೆ ಬರಹ ಬೇಕಾಗಿರಲಿಲ್ಲ. ಶಾಲೆಯ ಅನುಕ್ತ ಪಾಠಗಳು ಶಾಲೆಗೆ ಬಾರದವರಿಗೂ ಆಗುತ್ತವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಅಸ್ಪೃಶ್ಯರೆನಿಸಿಕೊಂಡವರ ವಿಷಯಕ್ಕೆ ಬಂದರೆ, ಹೊಸ ಕಾಲದ ದಾಖಲೆಯೊಂದು ಹಳೆಯ ಕಾಲವನ್ನೂ ಬೆಳಗುತ್ತದೆ. ೧೮೫೪ರ ವುಡ್ಡನ ನಿರೂಪದಂತೆ ಮದರಾಸು ಮುಂಬಯಿ ಪ್ರಾಂತಗಳಲ್ಲಿ ವಿದ್ಯಾ ಇಲಾಖೆಗಳು ಸ್ಥಾಪಿತವಾದುವು, ಮೈಸೂರಿನಲ್ಲಿ ೧೮೫೭ರಲ್ಲಿ. ಸರ್ಕಾರಿ ಶಾಲೆ ಎಲ್ಲ ಪ್ರಜೆಗಳ ತೆರಿಗೆಯಿಂದ ನಡೆಯತಕ್ಕದ್ದು. ಆದುದರಿಂದ ೧೮೫೬ರ ಜೂನ್ ತಿಂಗಳಲ್ಲಿ ಧಾರವಾಡದ ಮಹಾರ್ ಜಾತಿಯ ಹುಡುಗನೊಬ್ಬನು ಅಲ್ಲಿಯ ಸರ್ಕಾರಿ ಶಾಲೆಯಲ್ಲಿ ತನ್ನನ್ನು ಸೇರಿಸಿಕೊಳ್ಳಲಿಲ್ಲವೆಂದು ಮುಂಬಯಿ ಸರ್ಕಾರಕ್ಕೆ ಅರ್ಜಿ ಕೊಟ್ಟನು. ಜುಲೈ ೨೧ರಂದು ಸರ್ಕಾರವು ತನ್ನ ನಿರ್ಣಯವನ್ನು ತಿಳಿಸಿತು. ತತ್ತ್ವದಲ್ಲಿ ನ್ಯಾಯವು ಅರ್ಜಿದಾರನ ಕಡೆಗಿದೆ. ಆದರೆ ಒಬ್ಬಿಬ್ಬರಿಗಾಗಿ ಯುಗಯುಗಗಳ ರೂಢಿಗೆ ಅಡ್ಡಬಂದರೆ ವಿದ್ಯಾಭ್ಯಾಸದ ಕಾರ್ಯಕ್ಕೇ ಹಾನಿಯಾದೀತು ಎಂಬುದು ಅದರ ಸಾರ. ೧೮೫೭ರ ಜನವರಿಯಲ್ಲಿ ಭಾರತ ಸರ್ಕಾರವು ಬಂಗಾಳದಲ್ಲಾಗಿದ್ದರೆ ಹುಡುಗನನ್ನು ನಿರಾಕರಿಸುತ್ತಿರಲಿಲ್ಲವೆಂದು ಬರೆಯಿತು. ೧೮೫೮ರ ಏಪ್ರಿಲ್ ತಿಂಗಳಲ್ಲಿ ಕಂಪನಿಯ ನಿರ್ದೇಶಕಮಂಡಲಿಯು ಸರ್ಕಾರದ ವೆಚ್ಚದಿಂದ ನಡೆಯುವ ಶಾಲೆಗಳು ಸಕಲ ವರ್ಗದ ಪ್ರಜೆಗಳಿಗೂ ತೆರೆದಿರತಕ್ಕವೆಂದು ತೀರ್ಮಾನಿಸಿತು.

ತತ್ತ್ವ ಗೆದ್ದಿತು, ಆದರೆ ತತ್ತ್ವವು ಕಾಗದದಿಂದ ಶಾಲೆಯ ನೆಲಕ್ಕೆ ಇಳಿಯಬೇಕಾಗಿತ್ತು. ೧೮೮೨ರ ಹಂಟರ್ ಆಯೋಗವು ಅದೇ ತತ್ತ್ವವನ್ನು ಮತ್ತೆ ದೃಢಪಡಿಸಿ, ಜೊತೆಗೆ ಪ್ರತ್ಯೇಕ ಶಾಲೆಗಳಿಗೂ ಪ್ರೋತ್ಸಾಹ ಕೊಡಬೇಕೆಂದಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ೧೮೯೨ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದುದು ಎಷ್ಟು ಪುಣ್ಯದ ಕೆಲಸವೋ, ಅಂಥ ಶಾಲೆಯು ಬೇರೆಯಾಗಿಯೇ ಬೇಕಾಯಿತೆಂಬುದು ಅಷ್ಟೇ ನಾಚಿಕೆಯ ಮಾತು. ಸೇರಿಸಿಕೊಂಡ ಕಡೆಯಲ್ಲಿಯೂ ಕುಳಿತುಕೊಳ್ಳುವ ಸ್ಥಳವೇ ಪಾಠವಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದೇ ಮುಂಬಯಿ ಪ್ರಾಂತದ ಸಾತಾರೆಯಲ್ಲಿ ಓದುತ್ತಿದ್ದ ಡಾ. ಅಂಬೇಡ್ಕರರು, ತಾವು ಕುಳಿತುಕೊಳ್ಳುವ ಗೋಣಿಯ ತುಂಡನ್ನು ಸಂಜೆ ಮನೆಗೆ ಒಯ್ದು ಬೆಳಗ್ಗೆ ಮತ್ತೆ ತರಬೇಕಾಗಿತ್ತೆಂದೂ, ಜವಾನನು ನಲ್ಲಿಯನ್ನು ತಿರುಗಿಸದ ದಿನ ನೀರಿಲ್ಲದೆ ಇರಬೇಕಾಗಿತ್ತೆಂದೂ ಮುಂದೆ ಬರೆದಿಟ್ಟಿದ್ದಾರೆ. ಆ ಶಾಲೆಯ ಪಠ್ಯಪುಸ್ತಕದಲ್ಲಿ ಅಸ್ಪೃಶ್ಯತೆಯ ಪಾಠವಿರಬೇಕಾದ ಅಗತ್ಯವೇ ಇರಲಿಲ್ಲ. ಗೋಣಿಯೂ ನಲ್ಲಿಯೂ ಆ ಪಾಠವನ್ನು ದಿನವೂ ಹೇಳುತ್ತಿದ್ದುವು. ಅಂಬೇಡ್ಕರರಿಗೆ ಮಾತ್ರವಲ್ಲ, ಮುಂದಿನ ಸಾಲಿನಲ್ಲಿ ನಿಶ್ಚಿಂತೆಯಾಗಿ ಕುಳಿತಿದ್ದ ಹುಡುಗರಿಗೂ.

೭

ಸರ್ಕಾರಿ ಶಾಲೆಯಿಂದ ಏನೂ ಬದಲಾಗಲಿಲ್ಲವೆಂದು ಇದರ ಅಭಿಪ್ರಾಯವಲ್ಲ. ಮೈಸೂರಿನಲ್ಲಿ ಬಿ. ಎಲ್. ರೈಸರು ೧೮೬೮ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ಜಾರಿಗೆ ತಂದರು. ಅಲ್ಲಿಂದ ಮುಂದೆ ಹಾಜರಿ ಪುಸ್ತಕ, ಗಂಟೆ, ಅಚ್ಚಾದ ಪುಸ್ತಕ, ಪರೀಕ್ಷೆ, ಇನ್‌ಸ್ಪೆಕ್ಟರರ ಭೇಟಿ ಇವು ಹಳ್ಳಿಯ ಹುಡುಗನ ಪ್ರಪಂಚವನ್ನು ಪ್ರವೇಶಿಸಿದುವು. ಇವು ಕಲಿಸಿದ ಅನುಕ್ತ ಪಾಠಗಳು ಹಳೆಯವುಗಳಿಂದ ಬೇರೆ. ಮೊದಲು ಬಂದವನಿಗೂ ಹನ್ನೆರಡನೆಯವನಿಗೂ ಗಂಟೆ ಒಂದೇ. ಗಂಟೆಗೆ ಮುಂಚೆ ಬಂದವರೆಲ್ಲರೂ ನಿರಪರಾಧಿಗಳು. ಇದು ಸಣ್ಣ ನ್ಯಾಯವಲ್ಲ. ಹಾಜರಿ ಪುಸ್ತಕದಲ್ಲಿ ಹೆಸರುಳ್ಳವನಿಗೆ ಆ ಹೆಸರಿನ ಬಲದಿಂದ ಒಂದು ಹಕ್ಕು ಹುಟ್ಟಿತು. ಧಾರವಾಡದ ಹುಡುಗನು ಅರ್ಜಿ ಬರೆಯಲು ಧೈರ್ಯ ತಂದುಕೊಂಡುದು ಅಂಥ ಹಕ್ಕನ್ನು ನಂಬಿಯೇ.

ಕಳೆದುಹೋದುದೂ ಉಂಟು. ಹಿರಿಯ ಹುಡುಗನು ಕಿರಿಯನಿಗೆ ಕಲಿಸುವ ಋಣ ತೀರಿಹೋಗಿ, ಪಕ್ಕದವನಿಗೆ ಉತ್ತರ ಹೇಳಿಕೊಡುವುದು ಅಪರಾಧವಾಯಿತು. ಶಕ್ತಿಗೆ ತಕ್ಕಂತೆ ಏರುತ್ತಿದ್ದ ತರಗತಿಯು ವರ್ಷದ ಲೆಕ್ಕಕ್ಕೆ ಸಿಕ್ಕಿಬಿದ್ದಿತು. ಅಯ್ಯನು ಊರಿಗೆ ಉತ್ತರ ಹೇಳಬೇಕಾಗಿದ್ದವನು. ಹೊಸ ಉಪಾಧ್ಯಾಯನು ಇನ್‌ಸ್ಪೆಕ್ಟರಿಗೆ ಉತ್ತರ ಹೇಳಬೇಕಾದವನು. ಮೇಲಿನಿಂದ ಬಂದವರ ಮುಂದೆ ಗುರುವೇ ನಡುಗುವುದನ್ನು ಕಂಡ ಮಕ್ಕಳಿಗೆ ಸರ್ಕಾರವೆಂದರೇನೆಂಬುದು ಪೌರನೀತಿಯ ಪುಸ್ತಕವಿಲ್ಲದೆಯೇ ತಿಳಿಯಿತು.

ಬೆತ್ತವು ಮಾತ್ರ ಎರಡು ಕಾಲಗಳಿಗೂ ಸೇರಿದ್ದು. ದೇಹದಂಡನೆಯನ್ನು ೨೦೦೯ರ ಮಕ್ಕಳ ಶಿಕ್ಷಣ ಹಕ್ಕು ಕಾಯಿದೆಯು ದೇಶದಾದ್ಯಂತ ನಿಷೇಧಿಸಿತು. ಮಾನಸಿಕ ಹಿಂಸೆಯನ್ನೂ ಅದರ ಜೊತೆಗೆ ಸೇರಿಸಿತು. ಕ್ಯಾಂಬೆಲನು ರಾಟೆಯನ್ನು ವರ್ಣಿಸಿದ ದಿನದಿಂದ ಇಲ್ಲಿಗೆ ನೂರ ಎಂಬತ್ತಾರು ವರ್ಷಗಳು.

೮

ಒಂದು ಆಕ್ಷೇಪವನ್ನು ಊಹಿಸಬಹುದು. ಅನುಕ್ತವಾದುದನ್ನು ಚರಿತ್ರಕಾರನು ಹೇಗೆ ಪ್ರಮಾಣಪಡಿಸಬೇಕು? ಹುಡುಗನು ಏನು ಕಲಿತನೆಂಬುದು ಅವನ ಅಂತರಂಗಕ್ಕೆ ಸೇರಿದ ಮಾತಲ್ಲವೆ? ಆಕ್ಷೇಪ ಸಾಧುವಾದುದು. ಆದರೆ ಅಂಗೈಯ ಮೇಲಿನ ಹೆಸರು, ಏಟಿನ ಲೆಕ್ಕ, ಸಾಲಾಗಿ ನಿಲ್ಲುವ ಕ್ರಮ, ಅರ್ಜಿಗೆ ಬಂದ ಉತ್ತರ, ಗೋಣಿಯ ತುಂಡು ಇವು ಅಂತರಂಗದವಲ್ಲ, ಬಹಿರಂಗದವು. ಶಾಸನದ ಅಕ್ಷರಗಳಷ್ಟೇ ಗಟ್ಟಿಯಾದ ಸಾಕ್ಷ್ಯಗಳು. ಇವು ಏನನ್ನು ಹೇಳುತ್ತಿದ್ದುವೆಂಬುದನ್ನು ಓದುವುದು ಚರಿತ್ರಕಾರನ ಅಧಿಕಾರಕ್ಕೆ ಹೊರಗಾದುದಲ್ಲ. ಕ್ಯಾಂಬೆಲನು ಅನ್ಯದೇಶೀಯನೆಂಬ ಸಂಶಯಕ್ಕೂ ಉತ್ತರವುಂಟು. ಮೆಚ್ಚಬೇಕಾದುದನ್ನು ಮೆಚ್ಚಿ ಖಂಡಿಸಬೇಕಾದುದನ್ನು ಖಂಡಿಸಿರುವ ಅವನ ಬರಹದಲ್ಲಿ ವಾದಕ್ಕಾಗಿ ಹೊಂದಿಸಿದ ಚಿತ್ರ ಕಾಣುವುದಿಲ್ಲ. ಶಾಲೆಗಳು ಕ್ಷೀಣಿಸುತ್ತಿರುವುದಕ್ಕೆ ನಾಡಿನ ಬಡತನವೇ ಕಾರಣವೆಂದು ತನ್ನ ಸರ್ಕಾರಕ್ಕೆ ತಾನೇ ಬರೆದುಕೊಂಡ ಅಧಿಕಾರಿಯನ್ನು ಪಕ್ಷಪಾತಿಯೆನ್ನುವುದು ಕಷ್ಟ.

ಆದುದರಿಂದ ಇಷ್ಟನ್ನು ನಿಶ್ಚಯವಾಗಿ ಹೇಳಬಹುದು. ಕೂಲಿಮಠವು ಸ್ವರ್ಗವೂ ಅಲ್ಲ, ನರಕವೂ ಅಲ್ಲ. ಒಂದೇ ಜಗಲಿಯ ಮೇಲೆ ಅದು ಸಹಾಯವನ್ನೂ ಸ್ಪರ್ಧೆಯನ್ನೂ, ಕಾವ್ಯದ ಕಿವಿಯನ್ನೂ ಪ್ರಶ್ನೆ ಕೇಳದ ಬಾಯಿಯನ್ನೂ ಕಲಿಸಿತು. ಸರ್ಕಾರಿ ಶಾಲೆಯು ಪುಸ್ತಕಗಳನ್ನು ಬದಲಾಯಿಸಿತು, ಗಂಟೆಯನ್ನು ತಂದಿತು, ಬಾಗಿಲನ್ನು ತೆರೆಯಿತು. ಬಾಗಿಲೊಳಗಣ ಸ್ಥಾನಗಳನ್ನು ಮಾತ್ರ ಹೊರಗಣ ಸಮಾಜಕ್ಕೆ ಬಿಟ್ಟುಕೊಟ್ಟಿತು. ಪಠ್ಯಕ್ರಮದ ಸುಧಾರಣೆಯೆಂದರೆ ಪುಸ್ತಕಗಳ ಪಟ್ಟಿಯ ಸುಧಾರಣೆಯೆಂದೇ ಎಣಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಬಲವಾಗಿದೆ. ಯಾವ ಪದ್ಯವಿರಬೇಕು, ಯಾವ ಗದ್ಯವನ್ನು ಬಿಡಬೇಕು ಎಂದು ಎಷ್ಟು ಚರ್ಚಿಸಿದರೂ, ಆ ಪದ್ಯವನ್ನು ಓದುವ ಕೋಣೆಯಲ್ಲಿ ಯಾರು ಹಿಂದೆ ಕುಳಿತಿದ್ದಾರೆ, ಯಾರ ಪ್ರಶ್ನೆಗೆ ಉತ್ತರ ದೊರೆಯುತ್ತದೆ, ಯಾರ ಉಚ್ಚಾರಣೆಗೆ ಉಳಿದವರು ನಗುತ್ತಾರೆ ಎಂಬುದನ್ನು ಬಿಟ್ಟರೆ ಅರ್ಧ ಪಾಠವನ್ನೇ ಬಿಟ್ಟಂತಾಯಿತು.

ಹಳೆಯ ಮನೆಗಳ ಅಟ್ಟದ ಮೇಲೆ ಕಡತಗಳೂ ಹಲಗೆಗಳೂ ಸಿಕ್ಕುತ್ತವೆ; ಊರ ಶಾಲೆಗಳಲ್ಲಿ ಹಾಜರಿ ಪುಸ್ತಕಗಳೂ ಇನ್‌ಸ್ಪೆಕ್ಟರರ ಷರಾಗಳೂ ಧೂಳು ಹಿಡಿದಿವೆ; ಹಿರಿಯರ ಬಾಯಲ್ಲಿ ತಾವು ಕುಳಿತ ಸ್ಥಳದ ನೆನಪು ಉಳಿದಿದೆ. ಇವನ್ನು ಕೂಡಿಹಾಕುವುದು ಶಾಸನಗಳ ಪಡಿಯಚ್ಚು ತೆಗೆಯುವಷ್ಟೇ ತುರ್ತಿನ ಕೆಲಸ. ಓದುಗರಲ್ಲಿ ಉಪಾಧ್ಯಾಯರಾದವರು ನಾಳೆ ಬೆಳಗ್ಗೆ ತಮ್ಮ ತರಗತಿಯ ಬಾಗಿಲಲ್ಲಿ ಕ್ಷಣಕಾಲ ನಿಂತು, ಪುಸ್ತಕವನ್ನು ತೆರೆಯುವುದಕ್ಕೆ ಮೊದಲೇ ಅಲ್ಲಿ ಯಾವ ಪಾಠ ನಡೆದುಹೋಗಿದೆಯೆಂದು ನೋಡಿದರೆ ಈ ಲೇಖನದ ಉದ್ದೇಶ ನೆರವೇರಿತೆಂದು ತಿಳಿಯುತ್ತೇನೆ.